ಶೋರೂಂ ಕೆಲಸಕ್ಕೆ ಮೊದಲೇ ದುಡ್ಡು ಕೇಳಿದರೆ

ಹುಬ್ಬಳ್ಳಿಯ ಕಾರ್ ಶೋರೂಂನಲ್ಲಿ 11 ವರ್ಷ ಸೇಲ್ಸ್ ಮಾಡಿದ್ದೇನೆ. ಟ್ರೇನಿಂಗಿಗೆ ಅಂತ ಒಂದು ರೂಪಾಯಿ ಕೊಟ್ಟಿಲ್ಲ. ಹೋದ ತಿಂಗಳು ಅಕ್ಕನ ಮಗನಿಗೆ ಫೋನ್ ಬಂತು: "ಸೆಲೆಕ್ಟ್ ಆಗಿದ್ದೀರಿ, ಟ್ರೇನಿಂಗ್ ಫೀಸ್ 4,500 ಹಾಕಿ, ಮೊದಲ ಸಂಬಳದಲ್ಲಿ ವಾಪಸ್." ಇಂಟರ್‌ವ್ಯೂ ಆಗಿದ್ದು ವಾಟ್ಸಾಪಿನಲ್ಲಿ!

ಇಂಥ ಫೋನ್ ಬಂದರೆ ಸುಮ್ನೆ ಇಟ್ಟುಬಿಡಿ. ಕಾರ್ ಕಂಪನಿಯ ವೆಬ್‌ಸೈಟಿನಲ್ಲಿ ಡೀಲರ್‌ಗಳ ಪಟ್ಟಿ ಇರುತ್ತದೆ. ಅಲ್ಲಿನ ನಂಬರಿಗೆ ನೀವೇ ಫೋನ್ ಮಾಡಿ. ಹತ್ತಿರವಿದ್ದರೆ ಹೋಗಿ ಸೇಲ್ಸ್ ಮ್ಯಾನೇಜರನ್ನೇ ಕೇಳಿ. ಶನಿವಾರ, ಭಾನುವಾರ ಮಾತ್ರ ಬೇಡ, ಗಿರಾಕಿಗಳ ಗದ್ದಲದಲ್ಲಿ ಯಾರೂ ಮಾತಾಡಿಸಲ್ಲ.

ನಿಜವಾದ ಟ್ರೇನಿಂಗ್ ನಡೆಯುವುದು ಕೆಲಸಕ್ಕೆ ಸೇರಿದ ಮೇಲೆ. ಮಾಡೆಲ್‌ಗಳ ವಿವರ, ಟೆಸ್ಟ್ ಡ್ರೈವ್, ಆನ್‌ರೋಡ್ ಬೆಲೆಯ ಕೊಟೇಶನ್, ಸಾಲ, ವಿಮೆ, ಹಳೇ ಕಾರಿನ ಎಕ್ಸ್‌ಚೇಂಜ್, ಎಲ್ಲ ಅಲ್ಲೇ ಕಲಿಸುತ್ತಾರೆ. ನಿಮ್ಮ ಖರ್ಚು ಡ್ರೈವಿಂಗ್ ಲೈಸೆನ್ಸಿಗೆ. ಇಸ್ತ್ರಿ ಮಾಡಿದ ಅಂಗಿಗೂ ಒಂದಿಷ್ಟು ಅನ್ನಿ.

ದುಡ್ಡು ಹೋಗೇಬಿಟ್ಟಿದೆಯಾ? ನಾಚಿಕೆ ಬೇಡ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಬೇರೆ ಬೇರೆ ಖಾತೆಗೆ ಹೋಗಿಬಿಡುತ್ತದೆ, ಹಿಡಿಯುವುದು ಕಷ್ಟ. ಯುಪಿಐ ವಹಿವಾಟಿನ ನಂಬರ್, ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಕೋಪದಲ್ಲಿ ಚಾಟ್ ಅಳಿಸಬೇಡಿ. ನಮ್ಮ ಹುಡುಗ ಅಳಿಸಿಬಿಟ್ಟಿದ್ದ.