ಐಪರ್ಫ್3ರಲ್ಲಿ ಸಾಕೆಟ್ ಬಫರ್ ಎಷ್ಟಿರಬೇಕು?

1 ಗಿಗಾಬಿಟ್ ಲಿಂಕ್ ಇದ್ದರೂ ದೂರದ ಸರ್ವರ್‌ಗೆ ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯುವ ಸಾಧನ) ಓಡಿಸಿದಾಗ ಕೆಲವೇ ಮೆಗಾಬಿಟ್ ಬರುತ್ತಿದೆಯೇ? ಲಿಂಕನ್ನು ದೂರುವ ಮೊದಲು ಸಾಕೆಟ್ ಬಫರ್, ಅಂದರೆ ಪ್ರತಿ ಸಂಪರ್ಕಕ್ಕೆ ಡೇಟಾ ಇಟ್ಟುಕೊಳ್ಳಲು ಮೀಸಲಾದ ಮೆಮೊರಿ, ನೋಡಿ. ಟಿಸಿಪಿ ತಾನು ಕಳಿಸಿದ ಡೇಟಾವನ್ನು ಆಚೆಯಿಂದ ಸ್ವೀಕೃತಿ ಬರುವ ತನಕ ಬಫರ್‌ನಲ್ಲೇ ಇಟ್ಟುಕೊಂಡಿರುತ್ತದೆ. ಅದು ತುಂಬಿದರೆ ಕಳಿಸುವುದು ನಿಲ್ಲುತ್ತದೆ. ವಿಂಡೋ (ಸ್ವೀಕೃತಿಗೆ ಕಾಯದೆ ಕಳಿಸಬಹುದಾದ ಡೇಟಾ) 64 ಕೆಬಿ, ಆರ್‌ಟಿಟಿ (ಹೋಗಿ ಬರಲು ಹಿಡಿಯುವ ಸಮಯ) 100 ಮಿಲಿಸೆಕೆಂಡ್ ಇದ್ದರೆ ಎಂಥ ಲಿಂಕ್‌ನಲ್ಲೂ 5.24 ಎಂಬಿಪಿಎಸ್ ದಾಟುವುದಿಲ್ಲ.

ಮೊದಲು ಪಿಂಗ್ ಮಾಡಿ ಆರ್‌ಟಿಟಿ ಬರೆದುಕೊಳ್ಳಿ. ಲಿಂಕ್ ವೇಗವನ್ನು ಅದರಿಂದ ಗುಣಿಸಿ 8ರಿಂದ ಭಾಗಿಸಿ. 1 ಜಿಬಿಪಿಎಸ್, 100 ಮಿಲಿಸೆಕೆಂಡ್‌ಗೆ 12.5 ಎಂಬಿ ಬೇಕು. ಡ್ಯಾಶ್ ದೊಡ್ಡ ಪಿ ಕೊಟ್ಟು ಏಕಕಾಲಕ್ಕೆ ನಾಲ್ಕು ಸ್ಟ್ರೀಮ್ ಓಡಿಸುವುದಾದರೆ ಪ್ರತಿಯೊಂದಕ್ಕೂ ಅದರ ಕಾಲು ಭಾಗ ಸಾಕು, ಏಕೆಂದರೆ ಬಫರ್ ಸ್ಟ್ರೀಮಿಗೊಂದು.

ಲಿನಕ್ಸ್‌ನಲ್ಲಿ ಸ್ವೀಕರಿಸುವ, ಕಳಿಸುವ ಬಫರ್‌ಗಳ ಮಿತಿಗಳಾದ ಆರ್‌ಮೆಮ್_ಮ್ಯಾಕ್ಸ್, ಡಬ್ಲ್ಯೂಮೆಮ್_ಮ್ಯಾಕ್ಸ್ ಎರಡೂ ಸಾಮಾನ್ಯವಾಗಿ 212992 ಬೈಟ್ ಇರುತ್ತವೆ. ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್ ಬದಲಿಸುವ ಆಜ್ಞೆ) ಮೂಲಕ ಎರಡನ್ನೂ 16777216ಕ್ಕೆ ಏರಿಸಿ. ಕ್ಲೈಂಟ್‌ನಲ್ಲಿ ಮಾತ್ರ ಮಾಡಿದರೆ ಸಾಲದು: ಬಫರ್ ಗಾತ್ರ ಹೇಳುವ ಡ್ಯಾಶ್ ಡಬ್ಲ್ಯೂಗೆ ನೀವು ಕೊಟ್ಟ ಮೌಲ್ಯವನ್ನು ಐಪರ್ಫ್3 ಸರ್ವರ್‌ಗೂ ಕಳಿಸಿ ಅಲ್ಲೂ ಅದನ್ನೇ ಹಾಕುತ್ತದೆ. ಆಮೇಲೆ ಕ್ಲೈಂಟ್‌ನಲ್ಲಿ ಡ್ಯಾಶ್ ಡಬ್ಲ್ಯೂ 12ಎಂ, ಡ್ಯಾಶ್ ಟಿ 30 (30 ಸೆಕೆಂಡ್ ಓಟ) ಕೊಡಿ. ಆರಂಭದ ನಿಧಾನಗತಿ ಲೆಕ್ಕಕ್ಕೆ ಬರದಂತೆ ಡ್ಯಾಶ್ ದೊಡ್ಡ ಓ 5 ಸೇರಿಸಿ. ಡ್ಯಾಶ್ ಎಲ್ ಬೇರೆಯೇ. ಅದು ಒಂದು ಸಲ ಬರೆಯುವ ತುಂಡಿನ ಗಾತ್ರ, ಹಲವರು ಇದನ್ನೇ ಬಫರ್ ಎಂದುಕೊಂಡು ತಿರುಚುತ್ತಾರೆ.

ಇಲ್ಲಿ ಮೋಸಹೋಗುವ ಜಾಗ ಒಂದಿದೆ. ಕೇಳಿದ ಬಫರ್ ಮಿತಿ ಮೀರಿದ್ದರೆ ಕರ್ನಲ್ ಸದ್ದಿಲ್ಲದೆ ಅದನ್ನು ಮಿತಿಗೆ ಇಳಿಸುತ್ತದೆ; ಇಳಿಸಲಿ ಬಿಡಲಿ, ತನ್ನ ಲೆಕ್ಕಪತ್ರದ ಜಾಗಕ್ಕೆಂದು ಆ ಗಾತ್ರವನ್ನು ಎರಡು ಪಟ್ಟು ಮಾಡುತ್ತದೆ. ಹಾಗಾಗಿ 212992 ಮಿತಿಯಲ್ಲಿ 400ಕೆ ಕೇಳಿದರೂ ಎರರ್ ಬರದು. 416ಕೆ ದಾಟಿದ ಮೇಲಷ್ಟೇ ಬಫರ್ ಸರಿಯಾಗಿ ಹೊಂದಿಕೆಯಾಗಿಲ್ಲವೆಂದು ಐಪರ್ಫ್3 ನಿಲ್ಲುತ್ತದೆ. ಎರರ್ ಇಲ್ಲವೆಂದು ನಂಬಬೇಡಿ. ಜೇಸನ್ ಔಟ್‌ಪುಟ್ ತೆಗೆದು ಎಸ್‌ಎನ್‌ಡಿಬಫ್_ಆಕ್ಚುಯಲ್, ಆರ್‌ಸಿವಿಬಫ್_ಆಕ್ಚುಯಲ್ ನೋಡಿ. ಕೇಳಿದ್ದರ ಎರಡರಷ್ಟು ಇದ್ದರೆ ಪೂರ್ತಿ ಸಿಕ್ಕಿದೆ ಎಂದರ್ಥ.

ಡಬ್ಲ್ಯೂ ಕೊಟ್ಟ ಕೂಡಲೇ ಆ ಸಾಕೆಟ್‌ಗೆ ಕರ್ನಲ್‌ನ ಆಟೋಟ್ಯೂನಿಂಗ್ (ಬಫರನ್ನು ತಾನಾಗಿಯೇ ಹಿಗ್ಗಿಸುವುದು) ನಿಂತುಹೋಗುತ್ತದೆ. ಆದ್ದರಿಂದ ಮೊದಲ ಓಟ ಯಾವಾಗಲೂ ಡಬ್ಲ್ಯೂ ಇಲ್ಲದೆಯೇ ಇರಲಿ. ಅದು ಕಡಿಮೆ ಬಂದು, ಡಬ್ಲ್ಯೂ 12ಎಂ ಕೊಟ್ಟಾಗ ಏರಿದರೆ ಕೊರತೆ ಇರುವುದು ಬಫರ್‌ನಲ್ಲೇ. ಆಗ ಟಿಸಿಪಿ_ಆರ್‌ಮೆಮ್, ಟಿಸಿಪಿ_ಡಬ್ಲ್ಯೂಮೆಮ್‌ಗಳ ಮೂರನೇ ಸಂಖ್ಯೆಯನ್ನು (ಆಟೋಟ್ಯೂನಿಂಗ್‌ನ ಗರಿಷ್ಠ ಮಿತಿ) 33554432ಕ್ಕೆ ಏರಿಸಿ, ಡಬ್ಲ್ಯೂ ತೆಗೆದು ಮತ್ತೆ ಅಳೆಯಿರಿ. ಡಬ್ಲ್ಯೂ ಕೊಟ್ಟರೂ ಏರದಿದ್ದರೆ ರೀಟ್ರಾನ್ಸ್‌ಮಿಟ್ ಕಾಲಮ್ ನೋಡಿ, ಪ್ಯಾಕೆಟ್ ಕಳೆದುಹೋಗುತ್ತಿರಬಹುದು.