ಮೇಷ್ಟ್ರ ಶೂ ಲೇಸು, ನನ್ನ ಸಿಗರೇಟು

ರಿಪೋರ್ಟ್ ಬಂದ ದಿನ ಸಂಜೆಯೂ ನಾನು ಆಫೀಸಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿದು, ಎರಡು ಸಿಗರೇಟು ಸೇದಿಯೇ ಮನೆಗೆ ಹೋದೆ. ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c ಅನ್ನೋ ಟೆಸ್ಟು) 6.3 ಇತ್ತು. 6.5 ಮುಟ್ಟಿದರೆ ಶುಗರ್ ಬಂತು ಅಂತಲೇ ಲೆಕ್ಕ. ಹೆದರಿಕೆ ಆಗಿತ್ತು, ಸುಳ್ಳು ಹೇಳಲ್ಲ. ಆದರೂ ಆರು ಗಂಟೆ ಆಗುತ್ತಿದ್ದಂತೆ ಕಾಲು ತಾನಾಗೇ ಆ ಕಡೆ ತಿರುಗಿತು.

ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಹನ್ನೊಂದು ದಿನ ಹೋಗಿದ್ದವನು ನಾನು. ಈ ಸಲ ಗೆಳೆಯರೊಬ್ಬರು ಓಡುವ ಹುಡುಗರ ಗುಂಪಿಗೆ ಸೇರಿಸಿದರು. ಮೊದಲ ದಿನ ಐದೇ ನಿಮಿಷಕ್ಕೆ ಅವರು ಕಣ್ಣಿಗೆ ಕಾಣದಷ್ಟು ಮುಂದೆ ಹೋದರು. ಮೂರನೇ ದಿನ ನಾನೇ ಹೋಗಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ ಸಿಕ್ಕಿದ್ದು ಮೇಷ್ಟ್ರ ವಾಕಿಂಗ್ ಗುಂಪು. ಮೈಸೂರಿನ ಕುಕ್ಕರಹಳ್ಳಿ ಕೆರೆ ಗೇಟಿನ ಹತ್ತಿರ ಬೆಳಗ್ಗೆ ಐದೂ ಮುಕ್ಕಾಲಿಗೆ ಆರು ಜನ ಸೇರುತ್ತಿದ್ದರು. ನಿವೃತ್ತ ಮೇಷ್ಟ್ರೇ ಲೀಡರ್. ಎಲ್ಲರೂ ನನಗಿಂತ ಸ್ವಲ್ಪ ಜೋರು, ಸ್ವಲ್ಪ ಮಾತ್ರ. ಆ 'ಸ್ವಲ್ಪ'ದಲ್ಲೇ ಗುಟ್ಟು ಇತ್ತು ಅಂತ ಆಮೇಲೆ ಓದಿ ಗೊತ್ತಾಯ್ತು. 1920ರ ದಶಕದಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಒಟ್ಟೋ ಕೋಲರ್ ಬರ್ಲಿನ್‌ನ ದೋಣಿ ಕ್ಲಬ್ಬಿನವರಿಂದ ಭಾರ ಎತ್ತಿಸಿ ನೋಡಿದ್ದರು. ಇಬ್ಬರು ಜೊತೆಯಲ್ಲಿ ಎತ್ತುವಾಗ ಶಕ್ತಿ ಕಡಿಮೆ ಇರುವವನು ಒಬ್ಬನೇ ಎತ್ತುವುದಕ್ಕಿಂತ ಹೆಚ್ಚು ಹೊತ್ತು ತಡೆದುಕೊಳ್ಳುತ್ತಾನೆ. ತನ್ನಿಂದ ಕೆಲಸ ಕೆಟ್ಟಿತು ಅನ್ನಿಸಿಕೊಳ್ಳೋದು ಯಾರಿಗೆ ಬೇಕು? ಆದರೆ ಇಬ್ಬರ ನಡುವೆ ಅಂತರ ತೀರಾ ಜಾಸ್ತಿಯಾದರೆ ಈ ಹುರುಪು ಬರಲ್ಲ. ಹುಡುಗರ ಗುಂಪಿನಲ್ಲಿ ನನಗೆ ಆಗಿದ್ದು ಅದೇ.

ಎರಡನೇ ವಾರ ಒಂದು ದಿನ ಚಕ್ಕರ್ ಹೊಡೆದೆ. ಮಾರನೇ ದಿನ ಬೈಗುಳ ಕಾದಿದೆ ಅಂದುಕೊಂಡು ಹೋದರೆ, ಮೇಷ್ಟ್ರು ಕಲ್ಲು ಬೆಂಚಿನ ಮೇಲೆ ಕೂತು ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ತಲೆ ಎತ್ತದೇ, "ನಿನ್ನೆ ನಾಲ್ಕು ಸಲ ಕಟ್ಟಿದೆ ಕಣಪ್ಪಾ, ನೀನು ಬರಲಿಲ್ಲ" ಅಂದರು. ಅಷ್ಟೇ. ಅವರು ಕಾಯುವ ರೀತಿ ಅದು. ಲೇಸು ಬಿಗಿಯಾಗಿದ್ದರೂ ಬಿಚ್ಚಿ ಕಟ್ಟುತ್ತಾ ಹೊತ್ತು ಕಳೆಯುತ್ತಾರೆ. ಆ ನಾಲ್ಕು ಗಂಟು ಡಾಕ್ಟರ ಮಾತಿಗಿಂತ ಜಾಸ್ತಿ ಚುಚ್ಚಿತು.

ಮೊದಲೆಲ್ಲಾ ಒಂದು ದಿನ ತಪ್ಪಿದರೆ 'ಮುಗೀತು ಬಿಡು' ಅಂತ ಕೈಬಿಡುತ್ತಿದ್ದೆ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸುಮಾರು 66 ದಿನ ಬೇಕಾಯಿತಂತೆ. ಕೆಲವರಿಗೆ 18 ದಿನ ಸಾಕಾಯ್ತು, ಇನ್ನು ಕೆಲವರಿಗೆ 254 ದಿನದ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅನ್ನುವವರನ್ನು ನಾನು ಈಗ ನಂಬಲ್ಲ.

ಸಿಗರೇಟಿನ ವಿಷಯಕ್ಕೆ ಬರುತ್ತೇನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದು ಗುಂಪಿನ ಪದ್ಧತಿ. ಮೊದಲ ಸಲ ನಂದಿ ಕಾಣುವ ಮೊದಲೇ ಕೆಮ್ಮು ಹಿಡಿದು ಕೂತುಬಿಟ್ಟೆ. ಮೇಷ್ಟ್ರು ಪಕ್ಕದಲ್ಲೇ ಕೂತರು. ಜೇಬಿನಲ್ಲಿದ್ದ ಪ್ಯಾಕು ಅವರಿಗೆ ಕಾಣುತ್ತಿತ್ತು. ಏನೂ ಹೇಳಲಿಲ್ಲ. ಉಪದೇಶ ಮಾಡಿದ್ದರೆ ನಾನು ಬಹುಶಃ ವಾದಕ್ಕೆ ಇಳಿಯುತ್ತಿದ್ದೆ. ಮುಂದಿನ ಭಾನುವಾರ ಅವರನ್ನು ಕೂರಿಸಬಾರದು ಅಂತ ಶನಿವಾರ ಸಂಜೆ ಸೇದಲಿಲ್ಲ. ಆಮೇಲೆ ಶುಕ್ರವಾರವೂ ಬಿಟ್ಟೆ. ಆಫೀಸಿನಿಂದ ಹಿಂದಿನ ಗೇಟಿನಲ್ಲಿ ಹೊರಟರೆ ಆ ಅಂಗಡಿ ದಾರಿಯಲ್ಲಿ ಸಿಗಲ್ಲ. ಟೀಯನ್ನು ಮನೆಗೆ ಬಂದೇ ಕುಡಿದೆ. ಮೊದಲ ಮೂರು ವಾರ ಸಿಡುಕು ವಿಪರೀತ, ಮನೆಯವರನ್ನು ಕೇಳಿ ಬೇಕಾದರೆ.

ತಮಾಷೆ ಅಂದರೆ, ರಾತ್ರಿ ಟೀವಿ ಮುಂದೆ ಕೂತು ಖಾರಾ ಮಿಕ್ಸ್ಚರ್ ತಿನ್ನೋದನ್ನು ಬಿಡಬೇಕು ಅಂತ ನಾನು ಅಂದುಕೊಂಡೇ ಇರಲಿಲ್ಲ. ಐದು ಗಂಟೆಗೆ ಏಳಬೇಕಲ್ಲ, ಹತ್ತಕ್ಕೇ ನಿದ್ದೆ ಎಳೆಯತೊಡಗಿತು. ಡಬ್ಬ ಹಾಗೇ ಉಳಿಯಿತು. ಮೆತ್ತಗಾದ ಮೇಲೆ ಹೆಂಡತಿ ಎಸೆದಳು.

ಗುಂಪು ಅಂದ ಮಾತ್ರಕ್ಕೆ ಎಲ್ಲಾ ಒಳ್ಳೆಯದೇ ಆಗುತ್ತೆ ಅಂತಲ್ಲ. ನಮ್ಮದು ನಡಿಗೆ ಮುಗಿದ ಮೇಲೆ ಸೀದಾ ಹೋಟೆಲಿಗೆ ಹೋಗುತ್ತಿತ್ತು, ಇಡ್ಲಿ ಜೊತೆ ಎರಡು ಉದ್ದಿನ ವಡೆ. ಎಲ್ಲರೂ ಹೇಳುವಾಗ ಒಬ್ಬನೇ ಬೇಡ ಅನ್ನೋದು ಕಷ್ಟ. ಎರಡು ತಿಂಗಳಾದರೂ ತೂಕ ಇಳಿಯದಿದ್ದಾಗ ನಾನೇ ಬಾಯಿಬಿಟ್ಟು ಕೇಳಿದೆ: ವಡೆ ಭಾನುವಾರ ಮಾತ್ರ ಇಟ್ಟುಕೊಳ್ಳೋಣವಾ? ಗೊಣಗುತ್ತಾ ಒಪ್ಪಿದರು.

ಹೋದ ಟೆಸ್ಟಿನಲ್ಲಿ 5.8 ಬಂತು. ಒಂದು ಮದುವೆ ಮನೆಯಲ್ಲಿ ಸೇದಿದ ಒಂದು ಬಿಟ್ಟರೆ, ಸಿಗರೇಟು ಮುಟ್ಟಿ ಏಳು ತಿಂಗಳಾಯ್ತು. ಮೇಷ್ಟ್ರು ಈಗ ಮಗಳ ಮನೆಗೆ ಹುಬ್ಬಳ್ಳಿಗೆ ಹೋಗಿದ್ದಾರೆ. ಮೊನ್ನೆ ಜೋರು ಮಳೆ, ಹೊದ್ದು ಮಲಗಿದ್ದೆ. ಐದೂವರೆಗೆ ಫೋನ್ ಬಂತು. "ಲೇಸು ಕಟ್ಟಿದ್ಯೇನಪ್ಪಾ?"

"ಕಟ್ತಾ ಇದೀನಿ ಸಾರ್" ಅಂದುಬಿಟ್ಟೆ. ಆಮೇಲೆ ಎದ್ದು ಕಟ್ಟಲೇಬೇಕಾಯಿತು.