ಸೋಷಿಯಲ್ ಮೀಡಿಯಾ ಅಂಕಿಅಂಶ: ಓದಲು ಕಲಿಯುವುದು ಹೇಗೆ?

ಸಂವಹನ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಬರವಣಿಗೆ, ಚಿತ್ರ, ವಿಡಿಯೊ ಎಲ್ಲವೂ ಕೈಗೆ ಹತ್ತಿರುತ್ತವೆ. ತಿಂಗಳ ಕೊನೆಯಲ್ಲಿ ‘ಇಷ್ಟೆಲ್ಲ ಮಾಡಿದ್ದರಿಂದ ಏನಾಯಿತು’ ಎಂಬ ಪ್ರಶ್ನೆ ಮೇಲಿನಿಂದ ಬಂದಾಗ ಮಾತ್ರ, ಡ್ಯಾಶ್‌ಬೋರ್ಡಿನ ಸ್ಕ್ರೀನ್‌ಶಾಟ್‌ಗಳನ್ನು ಜೋಡಿಸಿ ಕಳುಹಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು. ಈ ಅಂಕಿಅಂಶಗಳನ್ನು ಸರಿಯಾಗಿ ಓದಲು ಗಣಿತದ ಪದವಿಯೇನೂ ಬೇಡ. ಶೇಕಡಾವಾರು, ಸರಾಸರಿ ಮತ್ತು ಮಧ್ಯಾಂಕ (ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ತಿಳಿದಿದ್ದರೆ ಆರಂಭಕ್ಕೆ ಸಾಕು. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಬಿದ್ದ ಪ್ರತಿ ಸಂಖ್ಯೆಯನ್ನೂ ‘ಎಷ್ಟರಲ್ಲಿ ಎಷ್ಟು’ ಎಂದು ಕೇಳುವ ಅಭ್ಯಾಸ ಬೆಳೆಯಬೇಕು.

ಮೊದಲು ಪ್ರಶ್ನೆ, ಆಮೇಲೆ ಸಂಖ್ಯೆ

ಯಾವುದೇ ಟೂಲ್ ತೆರೆಯುವ ಮುನ್ನ, ಉತ್ತರ ಸಿಕ್ಕರೆ ನಿಮ್ಮ ಕೆಲಸದಲ್ಲಿ ಏನಾದರೂ ಬದಲಾಗುವಂತಹ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ‘ನಮ್ಮ ಪುಟ ಹೇಗೆ ನಡೆಯುತ್ತಿದೆ’ ಎಂಬುದು ಅಂತಹ ಪ್ರಶ್ನೆಯಲ್ಲ. ‘ರಕ್ತದಾನದ ನೋಂದಣಿಗೆ ಜನರನ್ನು ಕರೆತರುತ್ತಿರುವುದು ವಿಡಿಯೊಗಳೋ, ಚಿತ್ರಸಹಿತ ಬರಹಗಳೋ’ ಎಂದು ಕೇಳಿದರೆ ಮುಂದಿನ ತಿಂಗಳು ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕೆಂದು ನಿರ್ಧರಿಸಬಹುದು. ಸಂವಹನದ ಅಳತೆಗಾಗಿಯೇ ಇರುವ ಅಂತರರಾಷ್ಟ್ರೀಯ ಸಂಘಟನೆ ಎಎಂಇಸಿ 2010ರಲ್ಲಿ ಮುಂದಿಟ್ಟ ಬಾರ್ಸಿಲೋನಾ ತತ್ವಗಳು ಹೇಳುವುದೂ ಇದನ್ನೇ: ಗುರಿ ಮೊದಲು ನಿಗದಿಯಾಗಬೇಕು, ಎಷ್ಟು ಪ್ರಕಟವಾಯಿತು ಎಂಬುದಕ್ಕಿಂತ ಅದರಿಂದ ಏನು ಬದಲಾಯಿತು ಎಂಬುದನ್ನು ಅಳೆಯಬೇಕು. ಪ್ರಚಾರಕ್ಕೆ ಜಾಹೀರಾತಿನ ದರದಲ್ಲಿ ಬೆಲೆ ಕಟ್ಟುವ ಹಳೆಯ ಪದ್ಧತಿಯನ್ನು ಈ ತತ್ವಗಳು ಸ್ಪಷ್ಟವಾಗಿ ತಿರಸ್ಕರಿಸಿವೆ. ಆದರೂ ಆ ಪದ್ಧತಿ ಪೂರ್ತಿ ಮರೆಯಾಗಿಲ್ಲ. ದೊಡ್ಡ ಮೊತ್ತ ತೋರಿಸುವ ಲೆಕ್ಕವನ್ನು ಕೈಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಛೇದ ಯಾವುದೆಂದು ನೋಡಿ

ಕಲಿಕೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ರೀಚ್ ಎಂದರೆ ಪೋಸ್ಟ್ ಎಷ್ಟು ಖಾತೆಗಳನ್ನು ತಲುಪಿತು ಎಂಬ ಅಂದಾಜು. ಇಂಪ್ರೆಷನ್ ಎಂದರೆ ಅದು ಒಟ್ಟು ಎಷ್ಟು ಬಾರಿ ಪರದೆಯ ಮೇಲೆ ಬಂತು ಎಂಬ ಎಣಿಕೆ. ಒಬ್ಬರೇ ಅದನ್ನು ಮೂರು ಸಲ ನೋಡಿದ್ದರೆ ರೀಚ್ ಒಂದು, ಇಂಪ್ರೆಷನ್ ಮೂರು. ಲೈಕ್, ಕಾಮೆಂಟ್, ಶೇರ್ ಮೊದಲಾದವುಗಳನ್ನು ಕೂಡಿಸಿದರೆ ಎಂಗೇಜ್‌ಮೆಂಟ್; ಅದನ್ನು ಇನ್ನೊಂದು ಸಂಖ್ಯೆಯಿಂದ ಭಾಗಿಸಿದಾಗ ಬರುವುದು ಎಂಗೇಜ್‌ಮೆಂಟ್ ದರ. ತಕರಾರು ಇರುವುದು ಆ ‘ಇನ್ನೊಂದು ಸಂಖ್ಯೆ’ಯಲ್ಲಿ, ಅಂದರೆ ಛೇದದಲ್ಲಿ.

ಒಂದು ಪೋಸ್ಟ್‌ಗೆ 400 ಪ್ರತಿಕ್ರಿಯೆಗಳು ಬಂದಿವೆ ಎನ್ನೋಣ. ಪುಟಕ್ಕೆ 20,000 ಫಾಲೋವರ್‌ಗಳಿದ್ದು, ಪೋಸ್ಟ್‌ನ ರೀಚ್ 5,000 ಹಾಗೂ ಇಂಪ್ರೆಷನ್ 8,000 ಆಗಿದ್ದರೆ, ಫಾಲೋವರ್‌ಗಳಿಂದ ಭಾಗಿಸಿದಾಗ ದರ ಶೇ 2, ಇಂಪ್ರೆಷನ್‌ನಿಂದ ಶೇ 5, ರೀಚ್‌ನಿಂದ ಶೇ 8 ಬರುತ್ತದೆ. ಮೂರೂ ತಪ್ಪಲ್ಲ. ಆದರೆ ಈ ತಿಂಗಳು ಒಂದು ಛೇದ, ಮುಂದಿನ ತಿಂಗಳು ಇನ್ನೊಂದು ಛೇದ ಬಳಸಿದ ವರದಿಯಿಂದ ಏನೂ ತಿಳಿಯುವುದಿಲ್ಲ. ಇಬ್ಬರ ಪುಟಗಳನ್ನು ಹೋಲಿಸುವ ವರದಿಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಬೇರೆಯವರ ಪುಟದ ರೀಚ್ ಹೊರಗಿನವರಿಗೆ ಕಾಣುವುದೇ ಇಲ್ಲ.

ಛೇದದ ವಿಷಯದಲ್ಲಿ ದೊಡ್ಡ ಕಂಪನಿಗಳೂ ಎಡವಿವೆ. ವಿಡಿಯೊವನ್ನು ಜನರು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂದು ಲೆಕ್ಕ ಹಾಕುವಾಗ, ಮೂರು ಸೆಕೆಂಡ್‌ಗಿಂತ ಕಡಿಮೆ ನೋಡಿದವರನ್ನು ಛೇದದಿಂದ ಹೊರಗಿಟ್ಟಿದ್ದರಿಂದ ಸರಾಸರಿ ಉಬ್ಬಿತ್ತು ಎಂದು 2016ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡಿತು. ಎಣಿಕೆಯ ನಿಯಮಗಳು ಬದಲಾಗುತ್ತಲೂ ಇರುತ್ತವೆ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಆರಂಭವಾದರೂ, ಮರುಆರಂಭವಾದರೂ ಅದು ಒಂದು ವೀಕ್ಷಣೆಯಾಗಿ ಸೇರುತ್ತದೆ, ಕನಿಷ್ಠ ಅವಧಿಯ ಷರತ್ತಿಲ್ಲ. ಆ ದಿನಾಂಕದ ಹಿಂದಿನ ಹಾಗೂ ಮುಂದಿನ ವೀಕ್ಷಣೆಗಳನ್ನು ಒಂದೇ ಗೆರೆಯಲ್ಲಿ ಎಳೆದು ‘ಬೆಳವಣಿಗೆ’ ಎಂದು ತೋರಿಸುವುದು ಓದುಗರನ್ನು ದಾರಿ ತಪ್ಪಿಸಿದಂತೆ.

ಕೈಯಾರೆ ಒಂದು ಹಾಳೆ ತುಂಬಿಸಿ

ದುಬಾರಿ ಟೂಲ್‌ಗಳನ್ನು ಸದ್ಯಕ್ಕೆ ಬದಿಗಿಡಿ. ಮೆಟಾ ಬಿಸಿನೆಸ್ ಸೂಟ್, ಯೂಟ್ಯೂಬ್ ಸ್ಟುಡಿಯೊ, ಲಿಂಕ್ಡ್‌ಇನ್ ಪುಟದ ಅನಾಲಿಟಿಕ್ಸ್ ಇವು ಪುಟದ ನಿರ್ವಾಹಕರಿಗೆ ಉಚಿತವಾಗಿ ಕೊಡುವ ಮಾಹಿತಿಯೇ ಕಲಿಕೆಗೆ ಧಾರಾಳ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಪ್ರತಿ ಪೋಸ್ಟ್‌ಗೆ ಒಂದು ಸಾಲಿನಂತೆ ದಿನಾಂಕ, ವಿಷಯ, ಬಗೆ, ರೀಚ್, ಪ್ರತಿಕ್ರಿಯೆಗಳು, ಲಿಂಕ್ ಒತ್ತಿದವರ ಸಂಖ್ಯೆ ಇವನ್ನು ನೀವೇ ಟೈಪ್ ಮಾಡಿ. ಬೇಸರದ ಕೆಲಸ, ನಿಜ. ಆದರೆ ಸಾಲುಗಳನ್ನು ತುಂಬಿಸುತ್ತಿರುವಾಗಲೇ ಯಾವ ಸಂಖ್ಯೆ ಅಸಹಜವಾಗಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಪೋಸ್ಟ್‌ಗಳನ್ನೂ ಒಂದೇ ವಯಸ್ಸಿನಲ್ಲಿ, ಉದಾಹರಣೆಗೆ ಪ್ರಕಟವಾದ ಏಳನೇ ದಿನ, ದಾಖಲಿಸಿ. ನಿನ್ನೆಯ ಪೋಸ್ಟ್ ಮತ್ತು ಕಳೆದ ತಿಂಗಳ ಪೋಸ್ಟ್ ಪೈಪೋಟಿಗೆ ನಿಂತರೆ ಫಲಿತಾಂಶ ಮೊದಲೇ ಗೊತ್ತು.

ಹಾಳೆ ತುಂಬಿದ ಮೇಲೆ ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ ತೆಗೆಯಿರಿ. ಏಳು ಪೋಸ್ಟ್‌ಗಳ ದರ ಶೇ 2, 2, 3, 3, 3, 4 ಮತ್ತು 25 ಇದ್ದರೆ ಸರಾಸರಿ ಶೇ 6, ಮಧ್ಯಾಂಕ ಶೇ 3. ಆ ಏಳರಲ್ಲಿ ಆರು ಪೋಸ್ಟ್‌ಗಳು ಸರಾಸರಿಯನ್ನು ಮುಟ್ಟಿಯೇ ಇಲ್ಲ. ಮುಂದಿನ ತಿಂಗಳ ಗುರಿಯನ್ನು ಶೇ 6ಕ್ಕೆ ನಿಗದಿಪಡಿಸಿದರೆ ತಂಡ ವಿನಾಕಾರಣ ಸೋಲುತ್ತದೆ.

ಹಾಳೆಯ ಪ್ರತಿಯನ್ನು ಪ್ರತಿ ತಿಂಗಳೂ ನಿಮ್ಮಲ್ಲೇ ಉಳಿಸಿಕೊಳ್ಳಿ. ಪತ್ರಕರ್ತರು ಮತ್ತು ಸಂಶೋಧಕರು ವರ್ಷಗಳ ಕಾಲ ನಂಬಿಕೊಂಡಿದ್ದ, ಸಾರ್ವಜನಿಕ ಪೋಸ್ಟ್‌ಗಳ ಅಂಕಿಅಂಶ ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಟೂಲ್ ಅನ್ನು ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾ 2024ರ ಆಗಸ್ಟ್ 14ರಂದು ಮುಚ್ಚಿತು. ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿಯೂ ಬಳಕೆದಾರ ಮಟ್ಟದ ಮಾಹಿತಿ ಉಳಿಯುವ ಅವಧಿ, ನೀವಾಗಿ ಬದಲಿಸದಿದ್ದರೆ, ಎರಡೇ ತಿಂಗಳು. ಸೆಟ್ಟಿಂಗ್ಸ್‌ನಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು.

ಲಿಂಕ್‌ಗೆ ಗುರುತು ಹಾಕಿ

ಸಾಮಾಜಿಕ ಜಾಲತಾಣದಿಂದ ನಿಮ್ಮ ವೆಬ್‌ಸೈಟ್‌ಗೆ ಬಂದವರು ಯಾವ ಪೋಸ್ಟ್ ನೋಡಿ ಬಂದರು ಎಂದು ತಿಳಿಯಲು ಲಿಂಕ್‌ನ ಕೊನೆಯಲ್ಲಿ ಯುಟಿಎಂ ಗುರುತುಗಳನ್ನು ಸೇರಿಸಬೇಕು: ಯಾವ ತಾಣ, ಯಾವ ಬಗೆಯ ಮಾಧ್ಯಮ, ಯಾವ ಅಭಿಯಾನ. ಇಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆಬೇರೆ ಎಂದೇ ಲೆಕ್ಕ. ತಂಡದಲ್ಲಿ ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆದರೆ ಒಂದೇ ತಾಣ ವರದಿಯಲ್ಲಿ ಎರಡು ಸಾಲಾಗಿ ಒಡೆಯುತ್ತದೆ. ಎಲ್ಲವನ್ನೂ ಸಣ್ಣ ಅಕ್ಷರದಲ್ಲೇ ಬರೆಯುವ ನಿಯಮ ಮಾಡಿಕೊಂಡರೆ ಮುಗಿಯಿತು. ಗುರುತಿಲ್ಲದ ಲಿಂಕನ್ನು ವಾಟ್ಸ್‌ಆ್ಯಪ್‌ನಂತಹ ಖಾಸಗಿ ಸಂದೇಶಗಳಲ್ಲಿ ಹಂಚಿಕೊಂಡಾಗ, ಅಲ್ಲಿಂದ ಬಂದವರು ಸಾಮಾನ್ಯವಾಗಿ ‘ಡೈರೆಕ್ಟ್’ ಎಂಬ ಗುಂಪಿಗೆ ಸೇರಿಬಿಡುತ್ತಾರೆ. ಆ ಗುಂಪು ದೊಡ್ಡದಿದ್ದರೆ ಜನ ವಿಳಾಸವನ್ನು ತಾವೇ ಟೈಪ್ ಮಾಡಿ ಬಂದರೆಂದು ತಿಳಿಯಬೇಡಿ.

ಕಾಮೆಂಟ್‌ಗಳನ್ನು ಓದಿ

ಅಭಿಪ್ರಾಯಗಳನ್ನು ತಾನಾಗಿಯೇ ಮೆಚ್ಚುಗೆ, ಟೀಕೆ, ತಟಸ್ಥ ಎಂದು ವಿಂಗಡಿಸುವ ಸೆಂಟಿಮೆಂಟ್ ಟೂಲ್‌ಗಳನ್ನು ನಂಬುವ ಮುನ್ನ, ನೂರು ಕಾಮೆಂಟ್‌ಗಳನ್ನು ಯಾದೃಚ್ಛಿಕವಾಗಿ ಆರಿಸಿ ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ, ಟೂಲ್‌ನ ಉತ್ತರದೊಂದಿಗೆ ಹೋಲಿಸಿ. ‘ಎಂಥಾ ಅದ್ಭುತ ಸೇವೆ, ಮೂರು ದಿನದಿಂದ ಕಾಯುತ್ತಿದ್ದೇನೆ’ ಎಂಬ ವ್ಯಂಗ್ಯವನ್ನು ಯಂತ್ರ ಮೆಚ್ಚುಗೆ ಎಂದು ಎಣಿಸುವ ಸಾಧ್ಯತೆ ಇದೆ. ಎರಡು ಭಾಷೆ ಬೆರೆತ ಮಾತು, ಒಂದು ಭಾಷೆಯನ್ನು ಇನ್ನೊಂದರ ಲಿಪಿಯಲ್ಲಿ ಬರೆದ ಮಾತು ಬಂದಾಗ ತಪ್ಪುಗಳು ಇನ್ನೂ ಹೆಚ್ಚುತ್ತವೆ. ವರದಿಯಲ್ಲಿ ಕಾಮೆಂಟ್‌ಗಳನ್ನು ಉದ್ಧರಿಸುವುದಾದರೆ ಬರೆದವರ ಹೆಸರು, ಚಿತ್ರ ತೆಗೆದುಬಿಡಿ.

ಕೊನೆಯ ಹೆಜ್ಜೆ ವರದಿ. ಒಂದು ಪುಟ ಸಾಕು. ಮೇಲೆ ಪ್ರಶ್ನೆ, ಅದರ ಕೆಳಗೆ ಉತ್ತರ, ಉತ್ತರಕ್ಕೆ ಆಧಾರವಾದ ಎರಡು ಮೂರು ಸಂಖ್ಯೆಗಳು, ಪ್ರತಿ ದರದ ಪಕ್ಕದಲ್ಲಿ ಅದರ ಛೇದ. ಪೋಸ್ಟ್‌ಗೆ ಹಣ ಕೊಟ್ಟು ಬೂಸ್ಟ್ ಮಾಡಿದ್ದರೆ ಆ ರೀಚ್ ಅನ್ನು ಬೇರೆಯಾಗಿಯೇ ತೋರಿಸಿ. ಸಂಖ್ಯೆ ಇಳಿದಿದ್ದರೆ ಇಳಿದಿದೆ ಎಂದೇ ಬರೆದು, ಕಾರಣ ಖಚಿತವಿಲ್ಲದಿದ್ದಾಗ ಮುಂದಿನ ತಿಂಗಳು ಏನನ್ನು ಬದಲಿಸಿ ಪರೀಕ್ಷಿಸುತ್ತೀರಿ ಎಂದು ಒಂದು ಸಾಲು ಸೇರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಸಮಯ, ಶೀರ್ಷಿಕೆ, ಚಿತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತು ಎಂದು ಹೇಳಲಾಗುವುದಿಲ್ಲ.